ಓಝು ಚಿತ್ರಗಳ ಸೌಜನ್ಯವನ್ನು ಜಪಾನಿನ ಸೌಜನ್ಯವೆಂದೇ ತಿಳಿಯಬಹುದೇ?

ಚಿತ್ರಾಸಕ್ತ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಜಪಾನಿನ ಜನಜೀವನವನ್ನು ಅಲ್ಲಿನ ಸಿನಿಮಾಗಳ ಮೂಲಕ ಅರಿಯಬೇಕೆಂಬ ಆಸೆಯಿಂದ ಹಳೆಯ ಚಿತ್ರಗಳನ್ನು ಒಂದೊಂದಾಗಿ ನೋಡುತ್ತಾ ಬಂದಿದ್ದೇನೆ. ಈಚೆಗೆ ಯಾಸುಜಿರೊ ಓಝು ಅವರು 1953ರಲ್ಲಿ ನಿರ್ದೇಶಿಸಿದ ‘ಟೋಕಿಯೊ ಸ್ಟೋರಿ’ ನೋಡಿದ ಮೇಲೆ ಒಂದು ಸಂದೇಹ ಬಲವಾಗಿ ಕಾಡುತ್ತಿದೆ. ಒನೊಮಿಚಿ ಎಂಬ ಕಡಲತೀರದ ಊರಿನಿಂದ ಮಕ್ಕಳನ್ನು ಕಾಣಲೆಂದು ಟೋಕಿಯೊಗೆ ಬರುವ ವೃದ್ಧ ದಂಪತಿಗೆ ಅಲ್ಲಿ ಮಕ್ಕಳ ಸಮಯವೇ ಸಿಗುವುದಿಲ್ಲ. ವೈದ್ಯನಾದ ಹಿರಿಯ ಮಗನೂ ಬ್ಯೂಟಿ ಪಾರ್ಲರ್ ನಡೆಸುವ ಮಗಳೂ ಸೇರಿ ಅವರನ್ನು ಅತಾಮಿಯ ಬಿಸಿನೀರ ಬುಗ್ಗೆಗಳ ವಸತಿಗೃಹಕ್ಕೆ ಸಾಗಹಾಕುತ್ತಾರೆ. ರಾತ್ರಿಯೆಲ್ಲ ಗದ್ದಲದಲ್ಲಿ ನಿದ್ದೆಗೆಟ್ಟ ಆ ಹಿರಿಯರು ಮರುದಿನ ಕಡಲ ಗೋಡೆಯ ಮೇಲೆ ಅಕ್ಕಪಕ್ಕ ಕುಳಿತು ಊರಿಗೆ ಹೊರಡುವ ಮಾತಾಡುತ್ತಾರೆಯೇ ಹೊರತು ಮಕ್ಕಳ ಮೇಲೆ ಸಿಡಿದೇಳುವುದಿಲ್ಲ.

ಈ ತಾಳ್ಮೆ, ಈ ನಗುಮುಖ ಜಪಾನೀಯರ ನಿಜವಾದ ಸ್ವಭಾವವೇ, ಅಥವಾ ಓಝು ಎಂಬ ಒಬ್ಬ ನಿರ್ದೇಶಕರು ಕಟ್ಟಿಕೊಂಡ ಲೋಕವೇ? ಸಿನಿಮಾ ನೋಡಿ ಒಂದು ಸಮಾಜವನ್ನು ಅರಿತೆನೆಂದುಕೊಳ್ಳುವುದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಬಲ್ಲವರು ದಯವಿಟ್ಟು ವಿವರಿಸಬೇಕು.

ನೇಸರು

ಚಿತ್ರಾಸಕ್ತರೇ, ಆ ಚಿತ್ರದಲ್ಲಿ ಅಸಮಾಧಾನವೇ ಇಲ್ಲವೆಂದು ಹೇಳುವಂತಿಲ್ಲ. ಅದನ್ನು ಎಲ್ಲಿ, ಯಾರೆದುರು ಆಡಬೇಕೆಂಬುದರಲ್ಲಿ ಕಟ್ಟುನಿಟ್ಟಿದೆ. ತಂದೆಯು ಮಗನ ಮನೆಯಲ್ಲಿ ತುಟಿ ಬಿಚ್ಚುವುದಿಲ್ಲ, ಆದರೆ ಹಳೆಯ ಗೆಳೆಯರೊಡನೆ ‘ಸಾಕೆ’ ಎಂಬ ಅಕ್ಕಿಯ ಮದ್ಯ ಕುಡಿಯುತ್ತಾ ಕುಳಿತಾಗ, ಮಗ ತಾನು ಎಣಿಸಿದ ಮಟ್ಟಕ್ಕೆ ಏರಲಿಲ್ಲವೆಂಬ ಕೊರಗನ್ನು ಹೊರಹಾಕುತ್ತಾನೆ. ತಾಯಿ ತನ್ನ ಮನಸ್ಸನ್ನು ತೆರೆಯುವುದು ಯುದ್ಧದಲ್ಲಿ ಸತ್ತ ಮಗನ ಹೆಂಡತಿ ನೊರಿಕೊಳ ಪುಟ್ಟ ಕೋಣೆಯಲ್ಲಿ, ರಾತ್ರಿ ಮಲಗುವ ಹೊತ್ತಿನಲ್ಲಿ. ಒಂದೇ ಕುಟುಂಬದ ಒಳಗೂ ಮಾತಿಗೆ ಇಂಥ ಹೊತ್ತು ಮತ್ತು ಇಂಥ ಜಾಗ ಎಂಬ ಗೊತ್ತು ಇರುವುದನ್ನು ನಾನು ಆ ಚಿತ್ರದಿಂದ ಕಲಿತೆ.

ಇನ್ನೊಂದು ವಿವರವನ್ನು ಮತ್ತೊಮ್ಮೆ ಗಮನವಿಟ್ಟು ನೋಡಿರಿ. ತಾಯಿಯ ಸ್ಥಿತಿ ಗಂಭೀರವೆಂಬ ತಂತಿ ಬಂದಾಗ, ಊರಿಗೆ ಹೊರಡುವ ಮೊದಲು ಮಗಳು ಶಿಗೆ ಅಣ್ಣನೊಡನೆ, ಸಾವಿನ ಮನೆಯಲ್ಲಿ ಉಡುವ ಕಪ್ಪು ಉಡುಪನ್ನು ಕೊಂಡೊಯ್ಯಬೇಕೇ ಎಂದು ಚರ್ಚಿಸಿ, ಕೊಂಡೊಯ್ಯುವುದೇ ಲೇಸೆಂದು ತೀರ್ಮಾನಿಸುತ್ತಾಳೆ. ತಾಯಿ ತೀರಿಕೊಂಡ ಮೇಲೆ ಅದನ್ನು ತಂದಿಯಾ ಎಂದು ನೊರಿಕೊಳನ್ನು ಕೇಳುತ್ತಾಳೆ, ಇಲ್ಲವೆಂಬುದು ಉತ್ತರ. ಈ ಎರಡು ಮಾತುಗಳಲ್ಲಿ ಯಾರಿಗೆ ಶಿಷ್ಟಾಚಾರ ಮುಖ್ಯ, ಯಾರಿಗೆ ಅತ್ತೆ ಬದುಕುಳಿಯುವರೆಂಬ ನಂಬಿಕೆ ಮುಖ್ಯ ಎಂಬುದು ನಿಚ್ಚಳವಾಗುತ್ತದೆ. ಶಿಗೆಯನ್ನು ಕೆಟ್ಟವಳೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ, ಏಕೆಂದರೆ ರೂಢಿಯ ಪ್ರಕಾರ ಅವಳು ಮಾಡಿದ್ದರಲ್ಲಿ ತಪ್ಪೇನೂ ಇಲ್ಲ.

ಓಝು ಅವರು ಕ್ಯಾಮೆರಾವನ್ನು ತತಾಮಿ ಚಾಪೆಯ ಮೇಲೆ ಕುಳಿತವರ ಕಣ್ಣಿಗಿಂತಲೂ ತುಸು ಕೆಳಗೆ ಇರಿಸಿ, ಹೆಚ್ಚುಕಡಿಮೆ ಅಲುಗಾಡಿಸದೆ ಚಿತ್ರೀಕರಿಸುತ್ತಾರೆ. ಆದ್ದರಿಂದ ಯಾರು ಎಲ್ಲಿ ಕುಳಿತರು, ಯಾರು ಎದ್ದು ಚಹಾ ತಂದರು, ಜಾರುಬಾಗಿಲನ್ನು ಯಾರು ಮುಚ್ಚಿದರು ಎಂಬುದೆಲ್ಲ ನಮಗೆ ಸಾವಧಾನವಾಗಿ ಕಾಣಿಸುತ್ತದೆ. ಸಂಭಾಷಣೆಯ ಅನುವಾದ ಓದುವ ಅವಸರದಲ್ಲಿ ಇವನ್ನು ಕಳೆದುಕೊಳ್ಳಬೇಡಿ.

ಹಳೆಯ ಟಾಕೀಸು

ನೇಸರು ಅವರ ಮಾತು ಒಪ್ಪತಕ್ಕದ್ದೇ. ಆದರೆ ‘ಜಪಾನೀ ಸ್ವಭಾವ’ ಎಂಬ ಕಾಲಾತೀತವಾದ ವಸ್ತುವೊಂದನ್ನು ಈ ಚಿತ್ರದಲ್ಲಿ ಹುಡುಕುವುದಕ್ಕೆ ನನ್ನ ಆಕ್ಷೇಪವಿದೆ. ಇದು 1953ರ ಚಿತ್ರ ಎಂಬುದನ್ನು ಮರೆತರೆ ಅದರ ಅರ್ಧದಷ್ಟು ನಮ್ಮ ಕೈಗೆ ಸಿಗುವುದಿಲ್ಲ. ಯುದ್ಧಕ್ಕೆ ಮುಂಚಿನ ಕಾನೂನಿನಲ್ಲಿ ಮನೆತನಕ್ಕೆ ಒಬ್ಬ ಯಜಮಾನನಿದ್ದು, ಸಾಮಾನ್ಯವಾಗಿ ಹಿರಿಯ ಮಗನಿಗೆ ಆ ಸ್ಥಾನವೂ ಆಸ್ತಿಯೂ ಅವುಗಳ ಜೊತೆಗೆ ಹೆತ್ತವರನ್ನು ಸಾಕುವ ಹೊಣೆಯೂ ಬರುತ್ತಿದ್ದವು. 1947ರಲ್ಲಿ ತಿದ್ದುಪಡಿಯಾಗಿ 1948ರಿಂದ ಜಾರಿಗೆ ಬಂದ ನಾಗರಿಕ ಸಂಹಿತೆಯು ಆ ಏರ್ಪಾಡನ್ನು ರದ್ದುಗೊಳಿಸಿತು. ಹಳೆಯ ಕಟ್ಟಳೆ ಕಾನೂನಿನಲ್ಲಿ ಅಳಿದರೂ ಮನಸ್ಸಿನಲ್ಲಿ ಉಳಿದಿದ್ದ ಆ ಕೆಲವೇ ವರ್ಷಗಳಲ್ಲಿ ‘ಟೋಕಿಯೊ ಸ್ಟೋರಿ’ ನಡೆಯುತ್ತದೆ. ಹಿರಿಯ ಮಗ ಕೊಇಚಿಯ ಮನೆಗೆ ಮೊದಲು ಬರುವುದು ಏಕೆ, ರಕ್ತಸಂಬಂಧವಿಲ್ಲದ, ಮರುಮದುವೆಯಾಗಲು ಸ್ವತಂತ್ರಳಾದ ಸೊಸೆಯೇ ಹೆಚ್ಚು ನೋಡಿಕೊಂಡಳೆಂಬುದು ಅಷ್ಟು ತೀಕ್ಷ್ಣವಾಗಿ ನಾಟುವುದು ಏಕೆ ಎಂಬುದಕ್ಕೆ ಈ ಹಿನ್ನೆಲೆಯಲ್ಲಿ ಉತ್ತರ ದೊರೆಯುತ್ತದೆ.

ಓಝು ಅವರ ಕೊನೆಯ ಕಾಲದ ಚಿತ್ರಗಳು ಬಹುಮಟ್ಟಿಗೆ ಮಧ್ಯಮವರ್ಗದ ಮನೆಗಳ, ಮದುವೆ ಮಾತುಕತೆಗಳ ಲೋಕ ಎಂಬುದನ್ನೂ ಗಮನಿಸಬೇಕು. ಅವುಗಳ ಪಕ್ಕದಲ್ಲಿಯೇ ಮಿಕಿಯೊ ನರುಸೆ ಅವರ 1960ರ ‘ವೆನ್ ಎ ವುಮನ್ ಅಸೆಂಡ್ಸ್ ದಿ ಸ್ಟೇರ್ಸ್’ ಚಿತ್ರವನ್ನು ಇಟ್ಟು ನೋಡಿ. ಟೋಕಿಯೊದ ಗಿಂಝಾ ಬಡಾವಣೆಯ ಬಾರ್ ಒಂದರ ಮೇಲ್ವಿಚಾರಕಿಯಾದ ವಿಧವೆ, ಹಿಡೆಕೊ ತಕಾಮಿನೆ ಅಭಿನಯಿಸಿದ ಕೆಯ್ಕೊ, ದಿನವೂ ಸಂಜೆ ಮೆಟ್ಟಿಲು ಹತ್ತಿ ಗಿರಾಕಿಗಳೆದುರು ನಗಬೇಕು. ಅಲ್ಲಿ ನಗುಮುಖವೆಂಬುದು ಹೊಟ್ಟೆಪಾಡು. ಒಳ್ಳೆಯ ಕಿಮೊನೊ, ಸುಗಂಧದ್ರವ್ಯ, ಬಾಡಿಗೆಮನೆ, ತವರಿನವರ ಹಣದ ಬೇಡಿಕೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅದೇ ದೇಶ, ಅದೇ ದಶಕದ ಸುಮಾರು, ಆದರೂ ಸೌಜನ್ಯಕ್ಕೆ ತೆರಬೇಕಾದ ಬೆಲೆ ಬೇರೆ.

ಯೊಕೊಹಾಮಾ ಕನ್ನಡತಿ

ಕೆಲಸದ ನಿಮಿತ್ತ ಇಲ್ಲಿ ನೆಲೆಸಿರುವ ನಾನು ಸಾವಿನ ಮನೆಯ ಪ್ರಸ್ತಾಪದಿಂದಲೇ ಮುಂದುವರಿಯುತ್ತೇನೆ, ಏಕೆಂದರೆ ಜಪಾನೀ ಸಿನಿಮಾದಲ್ಲಿ ಸಮಾಜ ತನ್ನನ್ನು ಬಿಟ್ಟುಕೊಡುವ ಜಾಗ ಅದೇ ಎಂದು ನನಗೆ ಅನ್ನಿಸುತ್ತದೆ. ಅಕಿರಾ ಕುರೊಸಾವಾ ಅವರ 1952ರ ‘ಇಕಿರು’ ಚಿತ್ರದಲ್ಲಿ ಹೊಟ್ಟೆಯ ಕ್ಯಾನ್ಸರ್ ತಗಲಿದ ಪುರಸಭೆಯ ವಿಭಾಗಾಧಿಕಾರಿ ವತಾನಬೆ, ಸೊಳ್ಳೆ ತುಂಬಿದ ಕೊಳಚೆ ಗುಂಡಿಯ ಜಾಗದಲ್ಲಿ ಮಕ್ಕಳ ಉದ್ಯಾನ ಮಾಡಿಸಿ ಸಾಯುತ್ತಾನೆ. ಚಿತ್ರ ಅಲ್ಲಿಗೆ ಮುಗಿಯದೆ, ಅವನ ಭಾವಚಿತ್ರದ ಮುಂದೆ ಸಹೋದ್ಯೋಗಿಗಳು ಕುಳಿತು ರಾತ್ರಿ ಕಳೆಯುವ ದೀರ್ಘ ದೃಶ್ಯಕ್ಕೆ ಹೊರಳುತ್ತದೆ. ಉಪಮೇಯರ್ ಇರುವಷ್ಟು ಹೊತ್ತು ಉದ್ಯಾನದ ಕೀರ್ತಿ ಅವರಿಗೇ ಸಲ್ಲಬೇಕೆಂದು ಎಲ್ಲರೂ ತಲೆದೂಗುತ್ತಾರೆ. ನಡುವೆ ಆ ಕೇರಿಯ ಹೆಂಗಸರು ಬಂದು, ಯಾರೊಡನೆಯೂ ಮಾತಾಡದೆ, ಧೂಪ ಹಾಕಿ ಅತ್ತು ಹೋಗುತ್ತಾರೆ. ಉಪಮೇಯರ್ ಎದ್ದು ಹೋದ ಮೇಲೆಯೇ, ಸಾಕೆ ತಲೆಗೇರಿದಂತೆ, ಸತ್ಯ ಒಂದೊಂದು ಬಾಯಿಂದ ಹೊರಬೀಳುತ್ತದೆ. ಎಲ್ಲರೂ ವತಾನಬೆಯಂತೆ ದುಡಿಯುವ ಪಣ ತೊಡುತ್ತಾರೆ. ಆದರೆ ಕಚೇರಿ ತೆರೆದಾಗ ಜನರ ಅರ್ಜಿಯನ್ನು ಹಿಂದಿನಂತೆಯೇ ಬೇರೆ ವಿಭಾಗಕ್ಕೆ ಸಾಗಹಾಕುತ್ತಾರೆ. ನೇಸರು ಅವರು ಹೇಳಿದ ‘ಇಂಥ ಹೊತ್ತು, ಇಂಥ ಜಾಗ’ ಎಂಬುದು ಅಲ್ಲಿ ಅಧಿಕಾರದ ಏಣಿಯೊಡನೆ ಹೆಣೆದುಕೊಂಡಿದೆ.

ಸಂಪ್ರದಾಯ ಇಲ್ಲಿನವರಿಗೆ ಹುಟ್ಟಿನಿಂದಲೇ ಬರುತ್ತದೆಂದು ಭಾವಿಸುವವರು ಜೂಝೊ ಇತಾಮಿ ಅವರ ಮೊದಲ ಚಿತ್ರ, 1984ರ ‘ದಿ ಫ್ಯೂನರಲ್’ ನೋಡಬೇಕು. ಮನೆಯ ಹಿರಿಯರು ತೀರಿಕೊಂಡಾಗ ಮಗಳು ಮತ್ತು ಅಳಿಯ, ಸಂತಾಪ ಹೇಳಲು ಬಂದವರಿಗೆ ಏನೆಂದು ಉತ್ತರಿಸಬೇಕು ಎಂಬುದನ್ನು ವಿಡಿಯೊ ಹಾಕಿಕೊಂಡು ಕಲಿಯುತ್ತಾರೆ.

ನಿಮ್ಮ ಮೂಲ ಪ್ರಶ್ನೆಗೆ ನೇರ ಉತ್ತರ ಹಿರೊಕಾಝು ಕೊರೆಎಡಾ ಅವರ 2008ರ ‘ಸ್ಟಿಲ್ ವಾಕಿಂಗ್’ ಚಿತ್ರದಲ್ಲಿದೆ. ನೀರಿಗೆ ಬಿದ್ದ ಹುಡುಗನೊಬ್ಬನನ್ನು ಉಳಿಸಲು ಹೋಗಿ ಸತ್ತ ಹಿರಿಯ ಮಗನ ವಾರ್ಷಿಕ ದಿನದಂದು ಮನೆಯವರೆಲ್ಲ ಸೇರುತ್ತಾರೆ. ಬದುಕುಳಿದ ಆ ಹುಡುಗ, ಈಗ ಬೆಳೆದು ದೊಡ್ಡವನಾದವನು, ವರ್ಷವರ್ಷವೂ ಬಂದು ಕೈಮುಗಿಯುತ್ತಾನೆ. ತಾಯಿ ಅಕ್ಕರೆಯಿಂದಲೇ ಮುಂದಿನ ವರ್ಷವೂ ಬರಬೇಕೆಂದು ಹೇಳಿ ಕಳಿಸುತ್ತಾಳೆ. ಇನ್ನು ಅವನನ್ನು ಕರೆಯುವುದು ಸಾಕೆಂದು ಕಿರಿಯ ಮಗ ಹೇಳಿದಾಗ, ಅವನು ಸಂಕಟಪಡಲಿ ಎಂದೇ ತಾನು ಕರೆಯುತ್ತಿರುವುದಾಗಿ ಅವಳು ಕೈಯಲ್ಲಿನ ಹೆಣಿಗೆಯನ್ನು ನಿಲ್ಲಿಸದೆ ಹೇಳುತ್ತಾಳೆ. ಕಿರಿನ್ ಕಿಕಿ ಅವರ ಆ ಅಭಿನಯವನ್ನು ಕಂಡ ಮೇಲೆ ಸೌಜನ್ಯ ನಿಜವೋ ನಟನೆಯೋ ಎಂಬ ಪ್ರಶ್ನೆಯನ್ನೇ ನಾನು ಕೈಬಿಟ್ಟೆ: ಆಕೆಯ ಆದರವೂ ನಿಜ, ದ್ವೇಷವೂ ನಿಜ.

ಇಲ್ಲಿನವರು ಮನೆಮಂದಿಯೆಲ್ಲ ಕೂಡಿ ನೋಡಿದ ಚಿತ್ರಗಳನ್ನೂ ಬಿಡಬಾರದು. ಯೋಜಿ ಯಮಾದಾ ಅವರು 1969ರಲ್ಲಿ ಆರಂಭಿಸಿದ ‘ತೋರಾ-ಸಾನ್’ ಮಾಲಿಕೆಯಲ್ಲಿ ಕಿಯೊಶಿ ಅತ್ಸುಮಿ 1995ರವರೆಗೆ 48 ಚಿತ್ರಗಳಲ್ಲಿ ಅದೇ ಅಲೆಮಾರಿ ವ್ಯಾಪಾರಿಯಾಗಿ ನಟಿಸಿದರು. ಅವನು ಮನೆಗೆ ಬಂದವನೇ ಕೂಗಾಡುತ್ತಾನೆ, ಜಗಳವಾಡುತ್ತಾನೆ, ಮುನಿಸಿಕೊಂಡು ಹೊರಟುಹೋಗುತ್ತಾನೆ. ಟೋಕಿಯೊದ ಶಿಬಾಮಾತಾ ನಿಲ್ದಾಣದ ಮುಂದೆ ಅವನ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಮಾತು ನುಂಗಿಕೊಳ್ಳುವ ಜನರು ಮಾತು ನುಂಗದ ಒಬ್ಬನನ್ನು ಇಷ್ಟು ಪ್ರೀತಿಸಿದ್ದಾರೆಂಬುದೂ ಆ ಸಂಸ್ಕೃತಿಯ ಸಂಗತಿಯೇ.

ಚಿತ್ರಾಸಕ್ತ

ಮೂವರಿಗೂ ಮನಃಪೂರ್ವಕ ವಂದನೆಗಳು. ‘ಟೋಕಿಯೊ ಸ್ಟೋರಿ’ಯನ್ನು ಇನ್ನೊಮ್ಮೆ ನೋಡಿಯೇ ಮುಂದಿನದಕ್ಕೆ ಹೋಗುತ್ತೇನೆ. ಹಾಗಾದರೆ ಸಮುರಾಯ್ ಚಿತ್ರಗಳನ್ನು ಬರಿಯ ಮನರಂಜನೆಯೆಂದು ಬದಿಗಿಡಬಹುದೇ?

ಹಳೆಯ ಟಾಕೀಸು

ಖಂಡಿತ ಬದಿಗಿಡಬೇಡಿ; ಆದರೆ ಅವನ್ನು ಕಥೆ ನಡೆಯುವ ಶತಮಾನದ ದಾಖಲೆಗಳೆಂದು ನೋಡದೆ, ಚಿತ್ರ ತಯಾರಾದ ವರ್ಷದ ದಾಖಲೆಗಳೆಂದು ನೋಡಿ. ಯುದ್ಧದ ತರುವಾಯ ಅಮೆರಿಕದವರ ನೇತೃತ್ವದ ಆಡಳಿತವು, ಒಡೆಯನ ಮೇಲಿನ ಕುರುಡು ನಿಷ್ಠೆಯನ್ನೂ ಸೇಡನ್ನೂ ವೈಭವೀಕರಿಸುವ ಕಥೆಗಳಿಗೆ ತಡೆ ಹಾಕಿತ್ತು. ಕುರೊಸಾವಾ ಅವರು 1945ರಲ್ಲಿ ಮುಗಿಸಿದ ಒಂದು ಐತಿಹಾಸಿಕ ಚಿತ್ರವು ಆ ಆಡಳಿತ ಕೊನೆಗೊಂಡ 1952ರಲ್ಲಿ ಬಿಡುಗಡೆ ಕಂಡಿತು. ಅದಾದ ಎರಡು ವರ್ಷಕ್ಕೆ, 1954ರಲ್ಲಿ, ಅವರು ‘ಸೆವೆನ್ ಸಮುರಾಯ್’ ಕೊಟ್ಟರು.

ಅದರಲ್ಲಿ, ಹಳ್ಳಿಯ ರೈತರು ತಮ್ಮ ರಕ್ಷಣೆಗೆಂದು ಕರೆತಂದ ಏಳು ಯೋಧರಲ್ಲೊಬ್ಬನಾದ, ತೊಶಿರೊ ಮಿಫುನೆ ಅವರ ಪಾತ್ರವಾದ ಕಿಕುಚಿಯೊ, ರೈತರು ಬಚ್ಚಿಟ್ಟಿದ್ದ ಯುದ್ಧಕವಚಗಳನ್ನು ಹೊತ್ತು ತರುವ ದೃಶ್ಯವೊಂದಿದೆ. ಸೋತು ಓಡಿಹೋಗುತ್ತಿದ್ದ ಸಮುರಾಯ್‌ಗಳನ್ನು ಕೊಂದು ಸುಲಿದುಕೊಂಡ ವಸ್ತುಗಳವು ಎಂಬುದು ತಿಳಿದು ಉಳಿದ ಯೋಧರು ಕೆರಳುತ್ತಾರೆ. ಆಗ ಅವನು, ರೈತರು ಕಪಟಿಗಳು, ಜಿಪುಣರು, ಅಕ್ಕಿಯನ್ನೂ ಮದ್ಯವನ್ನೂ ಅಡಗಿಸಿಡುವವರು ಎಂದು ಬೈಯುತ್ತಲೇ, ಅವರನ್ನು ಹಾಗೆ ಮಾಡಿದವರು ಯಾರು, ನೀವೇ ಅಲ್ಲವೇ ಎಂದು ಸಮುರಾಯ್‌ಗಳ ಮೇಲೆ ತಿರುಗಿಬೀಳುತ್ತಾನೆ. ತಾನೂ ರೈತನ ಮಗನೆಂಬುದು ಅವನ ಬಾಯಿಂದ ಹೊರಡದೆಯೇ ಎಲ್ಲರಿಗೂ ಗೊತ್ತಾಗುತ್ತದೆ. ನಾಯಕ ಕಂಬೆಯ ಕಣ್ಣು ತುಂಬುತ್ತದೆ. ಚಿತ್ರ ಮೂರು ಗಂಟೆಗೂ ದೀರ್ಘವಾಗಿದೆ. ಬಿಡುವು ಮಾಡಿಕೊಂಡು ಒಂದೇ ಬಾರಿಗೆ ಕುಳಿತು ನೋಡಿ, ಆಮೇಲೆ ಮತ್ತೆ ಮಾತಾಡೋಣ.