ಸಹಾಯ ಬೇಕು: ಸೂಪರ್‌ಹೀರೋ ಇಲ್ಲದ ಕಾಮಿಕ್ಸ್

ನಮಸ್ಕಾರ. ಸೋಮವಾರಪೇಟೆ ಹತ್ತಿರ ನಮ್ಮ ಮನೆ ಜಗಲಿಯಲ್ಲಿ ಮಕ್ಕಳಿಗೆ ಪುಸ್ತಕದ ಕಪಾಟು ಇಟ್ಟಿದ್ದೇನೆ. ಕಾಮಿಕ್ಸ್ ಅಂದ್ರೆ ಅವರಿಗೆ ಸೂಪರ್‌ಹೀರೋ ಮಾತ್ರ.

ಮೊನ್ನೆ ಮಳೆಗೆ ಶಾಲೆ ರಜೆ. ಒಂಬತ್ತನೇ ಕ್ಲಾಸಿನ ಹುಡುಗಿಗೆ ‘ಮೌಸ್’ ಕೊಟ್ಟೆ. ಆರ್ಟ್ ಸ್ಪೀಗೆಲ್‌ಮನ್ ತನ್ನ ಅಪ್ಪ ನಾಜಿಗಳ ಕ್ಯಾಂಪಿನಿಂದ ಬದುಕಿ ಬಂದ ನಿಜ ಕಥೆಯನ್ನು ಚಿತ್ರದಲ್ಲಿ ಹೇಳಿದ್ದಾರೆ. ಯಹೂದಿಗಳು ಇಲಿ, ನಾಜಿಗಳು ಬೆಕ್ಕು. 1992ರಲ್ಲಿ ಇದಕ್ಕೆ ಅಮೆರಿಕದ ದೊಡ್ಡ ಪ್ರಶಸ್ತಿ ಪುಲಿಟ್ಜರ್‌ನ ವಿಶೇಷ ಪ್ರಶಸ್ತಿ ಬಂತು. ಕೊಡೆ ಹಿಡಿದು ಕರೆಯಲು ಬಂದ ಅಮ್ಮನನ್ನೂ ಅವಳು ಪಕ್ಕದಲ್ಲೇ ಕೂರಿಸಿಕೊಂಡಳು. “ಇದೂ ಕಾಮಿಕ್ಸಾ ಆಂಟಿ?” ಅಂದಳು.

ಈಗ ಎಲ್ಲರಿಗೂ ಇಂಥದ್ದೇ ಬೇಕಂತೆ. ಪತ್ತೇದಾರಿ, ದೆವ್ವದ ಕಥೆ, ಜೀವನ ಕಥೆ, ಅಡುಗೆ ಅಥವಾ ಆಟದ ಮಾಂಗಾ (ಜಪಾನಿನ ಕಾಮಿಕ್ಸ್), ಏನಾದರೂ ಸರಿ. ಕನ್ನಡದಲ್ಲಿದ್ದರೆ ಇನ್ನೂ ಖುಷಿ. ಮಡಿಕೇರಿ, ಕುಶಾಲನಗರ ಕಡೆ ಹಳೇ ಪ್ರತಿ ಎಲ್ಲಿ ಸಿಗುತ್ತವೆ? ನಿಮ್ಮ ಮನೆಯಲ್ಲಿ ಸುಮ್ನೆ ಬಿದ್ದಿದ್ದರೆ ದಯವಿಟ್ಟು ತಿಳಿಸಿ. ನಾನೇ ಬಂದು ತರುತ್ತೇನೆ.