ಅಮ್ಮನ ಮರೆವಿಗೆ ಗಿಂಕೋ ಕ್ಯಾಪ್ಸೂಲ್ ಕೊಡಬಹುದಾ ಡಾಕ್ಟ್ರೇ?

ಗುಂಪಿನ ಸದಸ್ಯೆಯ ಪ್ರಶ್ನೆ (ರಾಜಾಜಿನಗರದಿಂದ): ನಮಸ್ಕಾರ ಡಾಕ್ಟ್ರೇ. ಅಮ್ಮನಿಗೆ 72 ವರ್ಷ. ಆರೇಳು ತಿಂಗಳಿಂದ ಮರೆವು ಜಾಸ್ತಿಯಾಗಿದೆ. ಒಗ್ಗರಣೆಗೆ ಎಣ್ಣೆ ಇಟ್ಟು ದೇವರ ಮನೆಗೆ ಹೋಗಿಬಿಡುತ್ತಾರೆ, ಹೇಳಿದ್ದನ್ನೇ ಹೇಳುತ್ತಾರೆ, ಮಧ್ಯಾಹ್ನ ಪೂರ್ತಿ ಮಂಪರು. ಶುಗರ್‌ಗೆ ಮೆಟ್‌ಫಾರ್ಮಿನ್ ತುಂಬಾ ವರ್ಷದಿಂದ ಇದೆ. ಗ್ಯಾಸ್‌ಗೆ ದಿನಾ ಪ್ಯಾಂಟೊಪ್ರಜೋಲ್, ಸ್ಟೆಂಟ್ ಹಾಕಿದ ಮೇಲೆ ಕ್ಲೊಪಿಡೊಗ್ರೆಲ್, ರಾತ್ರಿ ನಿದ್ದೆಗೆ ಕ್ಲೊನಾಜೆಪಾಮ್ 0.5. ನೆಗಡಿಯಾದರೆ ಮೆಡಿಕಲ್ ಶಾಪ್‌ನವರು ಕೊಡುವ ಮಾತ್ರೆ. ನಾವು ಮೊಟ್ಟೆ, ಮಾಂಸ ತಿನ್ನಲ್ಲ. ಪಕ್ಕದ ಮನೆ ಆಂಟಿ ಗಿಂಕೋ (ಒಂದು ಮರದ ಎಲೆಯ ಸಾರ) ಕ್ಯಾಪ್ಸೂಲ್ ಒಳ್ಳೇದು ಅಂತಿದ್ದಾರೆ. ತರಿಸಲಾ?

ಡಾಕ್ಟರ್: ದಯವಿಟ್ಟು ತರಿಸಬೇಡಿ. ಕ್ಲೊಪಿಡೊಗ್ರೆಲ್ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಅದರ ಜೊತೆ ಗಿಂಕೋ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಸರಿ, ಅಪಾಯ ಇದ್ದರೂ ಲಾಭ ಇದೆಯಾ ಅಂದರೆ ಅದೂ ಇಲ್ಲ. ಅಮೆರಿಕದಲ್ಲಿ 75 ದಾಟಿದ ಸುಮಾರು 3,000 ಜನರಿಗೆ ಆರು ವರ್ಷದಷ್ಟು ಕಾಲ ಗಿಂಕೋ ಅಥವಾ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟು ನೋಡಿದರು. 2008ರಲ್ಲಿ ಫಲಿತಾಂಶ ಬಂತು. ಗಿಂಕೋ ತಗೊಂಡವರಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಕಡಿಮೆ ಆಗಲೇ ಇಲ್ಲ.

ನೀವು ಬರೆದ ಮಾತ್ರೆಗಳ ಪಟ್ಟಿ ನೋಡಿದರೆ ನನಗೆ ಮೊದಲು ಅನುಮಾನ ಬರುವುದು ವಿಟಮಿನ್ ಬಿ12 ಕೊರತೆಯ ಮೇಲೆ. ಸಸ್ಯಾಹಾರದಲ್ಲಿ ಹಾಲು ಮೊಸರು ಬಿಟ್ಟರೆ ಅದು ಸಿಗುವುದೇ ಕಡಿಮೆ. ಊಟದಿಂದ ಬಿ12 ಬಿಡಿಸಿಕೊಳ್ಳಲು ಹೊಟ್ಟೆಯ ಆಸಿಡ್ ಬೇಕು, ಗ್ಯಾಸ್ ಮಾತ್ರೆ ಅದನ್ನೇ ತಗ್ಗಿಸುತ್ತದೆ. ಉಳಿದದ್ದು ಕರುಳಿನಲ್ಲಿ ಹೀರಿಕೊಳ್ಳುವುದನ್ನು ಮೆಟ್‌ಫಾರ್ಮಿನ್ ಕಡಿಮೆ ಮಾಡುತ್ತದೆ. ಮೂರೂ ವರ್ಷಗಟ್ಟಲೆ ಸೇರಿದರೆ ಏನಾಗುತ್ತದೆ ಹೇಳಿ? ಅಮ್ಮನಿಗೆ ಪಾದ ಜುಮ್ಮೆನ್ನುತ್ತದಾ, ನಡೆಯುವಾಗ ತೂರಾಡುತ್ತಾರಾ, ಕೇಳಿ ನೋಡಿ. ಈ ವಾರವೇ ಬಿ12, ಥೈರಾಯ್ಡ್, ಸೋಡಿಯಂ, ಹಿಮೋಗ್ಲೋಬಿನ್, ಕಿಡ್ನಿ ಪರೀಕ್ಷೆ ಮಾಡಿಸಿ. ರಕ್ತ ಕೊಡುವ ಮೊದಲೇ ಬಿ12 ಮಾತ್ರೆ ಶುರು ಮಾಡಬೇಡಿ, ರಿಪೋರ್ಟ್ ದಾರಿ ತಪ್ಪಿಸುತ್ತದೆ. ಈ ಮರೆವನ್ನು ಬೇಗ ಹಿಡಿದರೆ ಸುಧಾರಿಸಬಹುದು. ತಡವಾದರೆ ನರಕ್ಕಾದ ಹಾನಿ ಪೂರ್ತಿ ವಾಪಸ್ ಬರುವುದಿಲ್ಲ.

ಎರಡನೆಯದು ಆ ನಿದ್ದೆ ಮಾತ್ರೆ. ಕ್ಲೊನಾಜೆಪಾಮ್ ವಯಸ್ಸಾದ ಮೈಯಲ್ಲಿ ಮಾರನೇ ದಿನವೂ ಉಳಿದಿರುತ್ತದೆ, ಮಧ್ಯಾಹ್ನದ ಮಂಪರಿಗೆ ಅದೇ ಕಾರಣವಿರಬಹುದು. ರಾತ್ರಿ ಬಾತ್‌ರೂಮಿಗೆ ಎದ್ದು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರನ್ನು ನಾವು ಪದೇ ಪದೇ ನೋಡುತ್ತೇವೆ. ಹಾಗಂತ ಇವತ್ತೇ ನಿಲ್ಲಿಸಬೇಡಿ! ಏಕಾಏಕಿ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಬರೆದುಕೊಟ್ಟ ಡಾಕ್ಟರ ಹತ್ತಿರ ಹೋಗಿ, ವಾರಗಳಲ್ಲಿ ನಿಧಾನವಾಗಿ ಇಳಿಸಬೇಕು. ಕ್ಲೊಪಿಡೊಗ್ರೆಲ್ ಅಂತೂ ನೀವಾಗಿ ನಿಲ್ಲಿಸಲೇಬಾರದು.

ಇನ್ನು ನೆಗಡಿ ಮಾತ್ರೆಯ ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿ. ಕ್ಲೋರ್‌ಫೆನಿರಮಿನ್ ಅಂತ ಇರುವ ಸಾಧ್ಯತೆ ಹೆಚ್ಚು. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸವನ್ನು ಅದು ತಡೆಯುತ್ತದೆ. ವಯಸ್ಸಾದವರಿಗೆ ಗೊಂದಲ, ಬಾಯಿ ಒಣಗುವುದು, ಮಲಬದ್ಧತೆ ಎಲ್ಲ ಅದರಿಂದ ಬರುತ್ತದೆ.

ಇನ್ನೊಬ್ಬ ಸದಸ್ಯರು (ಬಸವನಗುಡಿ): ಸರ್, ನಮ್ಮಪ್ಪನಿಗೆ ಅಲ್ಜೈಮರ್ಸ್. ಡೊನೆಪೆಜಿಲ್ ಶುರುವಾದ ಮೇಲೆ ಪದೇ ಪದೇ ಮೂತ್ರಕ್ಕೆ ಅವಸರ. ಬೇರೆ ಡಾಕ್ಟರ್ ಆಕ್ಸಿಬ್ಯುಟಿನಿನ್ ಕೊಟ್ಟಿದ್ದಾರೆ. ಎರಡೂ ಮುಂದುವರಿಸಬಹುದಾ?

ಡಾಕ್ಟರ್: ಇದನ್ನು ಕೇಳಿದ್ದು ತುಂಬಾ ಒಳ್ಳೇದಾಯ್ತು. ಡೊನೆಪೆಜಿಲ್ ಅಸಿಟೈಲ್‌ಕೋಲಿನ್ ಹೆಚ್ಚಿಸುತ್ತದೆ, ಆಕ್ಸಿಬ್ಯುಟಿನಿನ್ ಅದನ್ನೇ ತಡೆಯುತ್ತದೆ. ಆಕ್ಸಿಲರೇಟರ್, ಬ್ರೇಕ್ ಎರಡನ್ನೂ ಒಟ್ಟಿಗೆ ಒತ್ತಿದಂತೆ. ಮೂತ್ರದ ಅವಸರ ಮೊದಲನೇ ಮಾತ್ರೆಯಿಂದಲೇ ಬಂದಿರಬಹುದು, ಅದಕ್ಕೆ ಇನ್ನೊಂದು ಮಾತ್ರೆ ಸೇರಿದೆ. ಎರಡೂ ಮಾತ್ರೆ ಹಿಡಿದುಕೊಂಡು ಒಬ್ಬರೇ ಡಾಕ್ಟರಿಗೆ ತೋರಿಸಿ. ಅಪ್ಪನಿಗೆ ತಲೆ ಸುತ್ತಿದರೆ ನಾಡಿ ನೋಡಿಸಿ, ಇಸಿಜಿ ಮಾಡಿಸಿ, ಏಕೆಂದರೆ ಡೊನೆಪೆಜಿಲ್ ನಾಡಿ ನಿಧಾನ ಮಾಡುತ್ತದೆ. ಅದು ಕಾಯಿಲೆ ವಾಸಿ ಮಾಡುವ ಔಷಧಿಯಂತೂ ಅಲ್ಲ, ಕೆಲವರಿಗೆ ಸ್ವಲ್ಪ ಕಾಲ ಸ್ವಲ್ಪ ಹಿಡಿತ ಕೊಡುತ್ತದೆ, ಅಷ್ಟೇ.

ಮತ್ತೊಬ್ಬರು: ಒಂದೆಲಗ ತಿಂದರೆ?

ಡಾಕ್ಟರ್: ಒಂದೆಲಗದ ತಂಬುಳಿ ಧಾರಾಳವಾಗಿ ತಿನ್ನಿ. ಡಿಮೆನ್ಷಿಯಾ ತಡೆಯುತ್ತದೆ ಅಂತ ಸಾಬೀತಾಗಿಲ್ಲ, ಆದ್ದರಿಂದ ಅದನ್ನು ನಂಬಿ ಬಿಪಿ, ಶುಗರ್ ಮಾತ್ರೆ ಬಿಡಬೇಡಿ. ಬಿಪಿ ಹತೋಟಿಯಲ್ಲಿಡುವುದು, ಕಿವಿ ಮಂದವಾಗಿದ್ದರೆ ಹಿಯರಿಂಗ್ ಏಡ್ ಹಾಕಿಸುವುದು, ದಿನಾ ನಡೆಯುವುದು, ಇವುಗಳ ಹಿಂದೆ ಯಾವ ಕ್ಯಾಪ್ಸೂಲ್‌ಗಿಂತಲೂ ಗಟ್ಟಿ ಆಧಾರ ಇದೆ.

ಮೊದಲ ಸದಸ್ಯೆ: ಥ್ಯಾಂಕ್ಸ್ ಡಾಕ್ಟ್ರೇ. ಯಾರಿಗೆ ತೋರಿಸಲಿ?

ಡಾಕ್ಟರ್: ಮೊದಲು ನಿಮ್ಮ ಫಿಸಿಶಿಯನ್ ಸಾಕು. ಮರೆವಿನ ಪರೀಕ್ಷೆ ವಿವರವಾಗಿ ಬೇಕೆಂದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವಯಸ್ಸಾದವರ ವಿಭಾಗ ಇದೆ. ಹೋಗುವಾಗ ಮನೆಯಲ್ಲಿರುವ ಅಷ್ಟೂ ಮಾತ್ರೆ, ಕಣ್ಣಿನ ಡ್ರಾಪ್ಸ್, ಕಷಾಯ, ಚೂರ್ಣ ಎಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಪಟ್ಟಿ ಬರೆಯಲು ಹೋದರೆ ಒಂದೆರಡು ಬಿಟ್ಟೇ ಹೋಗುತ್ತವೆ. ಮತ್ತೆ ಇದೊಂದು ಗಮನದಲ್ಲಿರಲಿ: ಅಮ್ಮ ಇದ್ದಕ್ಕಿದ್ದಂತೆ ಒಂದೆರಡು ದಿನದಲ್ಲೇ ಗೊಂದಲಕ್ಕೆ ಬಿದ್ದರೆ, ಮನೆಯವರನ್ನೇ ಗುರುತಿಸದಿದ್ದರೆ, ಅದು ಮೂತ್ರದ ಸೋಂಕೋ ಸೋಡಿಯಂ ಇಳಿದದ್ದೋ ಸ್ಟ್ರೋಕೋ ಆಗಿರಬಹುದು. ಆಗ ಅಪಾಯಿಂಟ್‌ಮೆಂಟ್‌ಗೆ ಕಾಯದೆ ತಕ್ಷಣ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.