ಸಿಸಿ ರಸ್ತೆಯೋ, ಕೆರೆ ಹೂಳೋ: 2022-23ರ ಕ್ರಿಯಾ ಯೋಜನೆಗೆ ಯಾವುದು ಮೊದಲು? (2021ರ ಚರ್ಚೆ; ದರ, ನಿಯಮಗಳು ಆಗಿನವು)

ಮದ್ದೂರು ಸೀಮೆ:
ಕೇಂದ್ರ ಬಜೆಟ್‌ನಲ್ಲಿ 2021-22ರಲ್ಲಿ ಬಂಡವಾಳ ವೆಚ್ಚಕ್ಕೆ (ರಸ್ತೆಯಂಥ ಆಸ್ತಿ ಕಟ್ಟೋಕೆ) 5.54 ಲಕ್ಷ ಕೋಟಿ ಇಟ್ಟಿದ್ದಾರೆ, ಪಕ್ಕದಲ್ಲೇ ದಶಪಥದ (ಬೆಂಗಳೂರು-ಮೈಸೂರು ಹೆದ್ದಾರಿ) ಕೆಲಸ ನಡೀತಿದೆ. ಆದರೂ ಕೋವಿಡ್ ಹೊತ್ತಲ್ಲಿ ಬೆಂಗಳೂರು ಬಿಟ್ಟು ಬಂದವರ ಕೈಯಲ್ಲಿ ಕಾಸಿಲ್ಲ. ಮುಂದಿನ ಗ್ರಾಮಸಭೆಗೆ ನರೇಗಾದಲ್ಲಿ (ಉದ್ಯೋಗ ಖಾತರಿ) ಸಿಸಿ ರಸ್ತೆ, ಅಂದರೆ ಕಾಂಕ್ರೀಟ್ ರಸ್ತೆ ಬೇಕು ಅಂತ ಸದಸ್ಯರು, ಕೆರೆ ಹೂಳು ತೆಗೆಸಿ ಅಂತ ರೈತರು. ಯಾವುದು ಸರಿ?

ಎಂಬಿ ಪುಸ್ತಕ:
ಎರಡನ್ನೂ ಜೋಡಿಸಿ, ಆದರೆ ಹೂಳು ಮೊದಲು. ಜಿಲ್ಲಾ ಮಟ್ಟದ ಲೆಕ್ಕದಲ್ಲಿ ಸಾಮಗ್ರಿ ವೆಚ್ಚ 40% ಮೀರಬಾರದು. ಗಾರೆ ಮೇಸ್ತ್ರಿಯ ಕೂಲಿಯೂ ಸಾಮಗ್ರಿ ಲೆಕ್ಕಕ್ಕೇ ಹೋಗುತ್ತೆ, ಇದನ್ನ ಬಹಳ ಜನ ಮರೀತಾರೆ. 10 ಲಕ್ಷದ ಸಿಸಿ ರಸ್ತೆಯಲ್ಲಿ ಸಾಮಗ್ರಿ 8 ಲಕ್ಷ ಅಂತ ಇಟ್ಕೊಳ್ಳಿ. ಅದರ ಜೊತೆ 10 ಲಕ್ಷದ ಹೂಳು ಕೆಲಸವನ್ನ ಕೈಯಾಳುಗಳಿಂದಲೇ ಮಾಡಿಸಿದರೆ ಒಟ್ಟು 20ರಲ್ಲಿ ಕೂಲಿ 12 ಲಕ್ಷ, ಸರಿಯಾಗಿ 60:40. 2021-22ರ ಕೂಲಿ ದರ ದಿನಕ್ಕೆ 289 ರೂಪಾಯಿಯಂತೆ ಹೂಳು ಕೆಲಸವೊಂದರಲ್ಲೇ ಸುಮಾರು 3,460 ಮಾನವ ದಿನ, ರಸ್ತೆಯಲ್ಲಿ 690 ಅಷ್ಟೆ. ಜೆಸಿಬಿ ಇಳಿಸಿದಿರೋ, ನಿಯಮವೂ ಮುರೀತು, ಕೂಲಿಯೂ ಹೋಯ್ತು.

ಅಗೆಯುವಾಗ ಅಲ್ಲಲ್ಲಿ ಮಣ್ಣಿನ ಗುಡ್ಡೆ ಹಾಗೇ ಉಳಿಸಿ. ಅದಿಲ್ಲದಿದ್ದರೆ ಆಳ ಎಷ್ಟಿತ್ತು ಅನ್ನೋದಕ್ಕೆ ಅಳತೆ ಬರೆಯುವ ಜೆಇಗೆ (ಕಿರಿಯ ಇಂಜಿನಿಯರ್) ಗುರುತೇ ಇರಲ್ಲ, ಅಳತೆ ಕಮ್ಮಿ ಬರೆದರೆ ದಿನಗೂಲಿಯೂ ಇಳಿಯುತ್ತೆ. ಏರಿಯ ಬುಡ ಮುಟ್ಟಬೇಡಿ, ಸೋರಿಕೆ ಶುರುವಾದರೆ ತಡೆಯೋದು ಕಷ್ಟ.

ನಾಲೆ ಕೊನೆಭಾಗ:
ದಶಪಥಕ್ಕೂ ಇದಕ್ಕೂ ಹೋಲಿಕೆ ಬೇಡ. ಅದು ಹೈಬ್ರಿಡ್ ಆನ್ಯುಟಿ ಪದ್ಧತಿ: 40% ಹಣ ಕಟ್ಟುವಾಗ, ಉಳಿದದ್ದು ವರ್ಷಗಟ್ಟಲೆ ಕಂತಿನಲ್ಲಿ. ಕೆಲಸ ಮಾಡೋದು ಹೆಚ್ಚಾಗಿ ಯಂತ್ರ. ನಮ್ಮವರಿಗೆ ಸಿಗೋದು ಜಲ್ಲಿ, ಟಿಪ್ಪರ್ ಬಾಡಿಗೆ. ರಸ್ತೆಯ ಲಾಭ ದೊಡ್ಡದೇ, ಆದರೆ ಅದು ಬರೋದು ರಸ್ತೆ ಮುಗಿದ ಮೇಲೆ.

ಈಗಲೇ ಹೂಳಿಗೆ ಎನ್‌ಎಂಆರ್ (ಕೂಲಿಗಾರರ ಹಾಜರಿ ಪಟ್ಟಿ) ತೆಗೆಸಬೇಡಿ. ನಾಲೆ ನೀರು ಬರುವ ಕೆರೆ ತುಂಬಿರುತ್ತೆ, ಆಮೇಲೆ ಭತ್ತದ ಕೊಯ್ಲಿಗೆ ಆಳು ಸಿಗಲ್ಲ. ನೀರು ಇಳಿದ ಮೇಲೆ, ಫೆಬ್ರವರಿಯಿಂದ ಮೇ ಒಳಗೆ ಮುಗಿಸಿ. ಅಲ್ಲಿವರೆಗೆ ಬದು, ಕೃಷಿ ಹೊಂಡ.

ಮದ್ದೂರು ಸೀಮೆ:
ಕೆಲಸ ಕೇಳಿದರೆ "ಆಮೇಲೆ ಬನ್ನಿ" ಅಂತಾರೆ. ಹೋದ ಸಲದ ಕೂಲಿಯೂ ಕೆಲವರಿಗೆ ವಾಪಸ್ ಹೋಗಿದೆ.

ಎಂಬಿ ಪುಸ್ತಕ:
ಬಾಯಲ್ಲಿ ಕೇಳಬೇಡಿ. ನಮೂನೆ 6 (ಕೆಲಸ ಕೇಳುವ ಅರ್ಜಿ) ಕೊಟ್ಟು ದಿನಾಂಕ ಹಾಕಿದ ಸ್ವೀಕೃತಿ ತಗೊಳ್ಳಿ. 15 ದಿನದಲ್ಲಿ ಕೆಲಸ ಕೊಡದಿದ್ದರೆ ಮೊದಲ 30 ದಿನಕ್ಕೆ ಕೂಲಿಯ ಕಾಲು ಭಾಗ ನಿರುದ್ಯೋಗ ಭತ್ಯೆ, ಆಮೇಲೆ ಅರ್ಧ. ಸ್ವೀಕೃತಿ ಇಲ್ಲದೆ ಇದ್ಯಾವುದನ್ನೂ ಕೇಳೋಕಾಗಲ್ಲ.

ಹಣ ವಾಪಸ್ ಹೋದವರದು ಸಿಂಡಿಕೇಟ್ ಬ್ಯಾಂಕ್ ಖಾತೆಯಾ ನೋಡಿ. ಅದು ಕೆನರಾದಲ್ಲಿ ಸೇರಿಹೋಗಿ, ಹಳೇ ಐಎಫ್‌ಎಸ್‌ಸಿ 2021ರ ಜೂನ್ 30ಕ್ಕೆ ಮುಗೀತು. ಹೊಸ ಪಾಸ್‌ಬುಕ್ ಪ್ರತಿ ಕೊಟ್ಟು ಜಾಬ್ ಕಾರ್ಡ್ ದಾಖಲೆ ತಿದ್ದಿಸಿ, ತಿರಸ್ಕೃತವಾದ ಎಫ್‌ಟಿಒ (ಹಣ ವರ್ಗಾವಣೆ ಆದೇಶ) ಮತ್ತೆ ಕಳಿಸೋಕೆ ಪಿಡಿಒಗೆ ಬರೆದು ಕೊಡಿ.